ನೀರಿನಲ್ಲಿ ಕರಗದ ಹೆಂಟೆ

ಮಣ್ಣು ಪರೀಕ್ಷೆಯ ಆ ಕಟ್ಟಡದಲ್ಲಿ ಅವಳ ಪಾಲಿಗೆ ಬಂದದ್ದು ಹಿಂದಿನ ಕೋಣೆ. ತಗಡಿನ ಸೂರು, ಉದ್ದದ ಒಂದೇ ಮೇಜು, ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿದ ತಟ್ಟೆಗಳು, ತಟ್ಟೆಗಳಲ್ಲಿ ಹರವಿದ ಮಣ್ಣು. ಒಣಗಿದ ಮಣ್ಣಿನ ಹೆಂಟೆಗಳನ್ನು ಮರದ ಕೊಡತಿಯಿಂದ ಕುಟ್ಟಿ ಒಡೆದು ಜರಡಿ ಹಿಡಿಯುವುದು ಅವಳ ಕೆಲಸ. ಜರಡಿಯಿಂದ ಇಳಿದದ್ದು ಮುಂದಿನ ಕೋಣೆಯಲ್ಲಿ ಪರೀಕ್ಷೆ ಮಾಡುವ ಮೇಡಂ ಬಳಿಗೆ ಹೋಗಬೇಕು. ಜರಡಿಯಲ್ಲಿ ಉಳಿದ ಕಲ್ಲನ್ನು ಬೇರೆಯಾಗಿ ತೂಗಿಡಬೇಕು. ಇಷ್ಟನ್ನು ಹೇಳಿಕೊಟ್ಟವಳು ಚಿಕ್ಕಮ್ಮ. ಅಲ್ಲೇ ಗಾಜಿನ ಸಾಮಾನು ತೊಳೆಯುತ್ತಿದ್ದ ಚಿಕ್ಕಮ್ಮ, ಶಾಲೆ ಬಿಟ್ಟು ಮನೆಯ ಮೂಲೆ ಹಿಡಿದಿದ್ದ ಅಕ್ಕನ ಮಗಳನ್ನು ಎಳೆದುಕೊಂಡೇ ಬಂದಿದ್ದಳು.

"ಮಾತಾಡೋ ಕೆಲಸ ಅಲ್ಲ ಕಣೇ, ಕುಟ್ಟೋ ಕೆಲಸ. ನಿನಗೆ ಅಂತಲೇ ಹೇಳಿ ಮಾಡಿಸಿದ ಹಾಗಿದೆ."

ಆ ಬೇಸಿಗೆಯಲ್ಲಿ ಬಂದದ್ದೆಲ್ಲ ಒಂದೇ ಕಾಡಿನ ಮಣ್ಣು. ತಂದವನು ಗುಂಡಿಯಣ್ಣ. ಊರೂರು ತಿರುಗಿ ಗುಂಡಿ ತೋಡಿ, ಮೇಲಿನ ಮಣ್ಣು ಒಂದು ಚೀಲಕ್ಕೆ, ಅಡಿಯ ಮಣ್ಣು ಇನ್ನೊಂದು ಚೀಲಕ್ಕೆ ತುಂಬುವುದು ಅವನ ಉದ್ಯೋಗ. ಹಾಗಾಗಿ ಆ ಹೆಸರು. ಅವನು ಅವಳನ್ನು ಇರುವೆ ಎಂದು ಕರೆಯುತ್ತಿದ್ದ.

"ಇರುವೆ, ನೋಡಿಲ್ಲಿ, ಕಾಡನ್ನೇ ಹೊತ್ತು ತಂದಿದ್ದೀನಿ. ಇದನ್ನ ಕಡಿದು ಹಣ್ಣಿನ ತೋಟ ಮಾಡಬಹುದಾ ಅಂತ ಮೇಲಿನ ಕಚೇರಿಯವರು ಕೇಳಿದ್ದಾರೆ. ಮಣ್ಣು ಹೂಂ ಅಂದ್ರೆ ಮರಕ್ಕೆ ಕೊಡಲಿ."

ಅವಳು ಚೀಲದೊಳಗೆ ಕೈ ಇಳಿಬಿಟ್ಟಳು. ಬೆರಳ ಸಂದಿಯಲ್ಲಿ ಕೆಂಪು ಮರಳು ತಣ್ಣಗೆ ಜಾರಿತು. ಒಂದು ಗೆದ್ದಲಿನ ರೆಕ್ಕೆ, ಯಾವುದೋ ಬೀಜದ ಅರ್ಧ ಸಿಪ್ಪೆ, ನೂಲಿನಂಥ ಬೇರು. ಕಾಡು ಹೇಗಿದೆ ಎಂದು ಕೇಳಬೇಕೆನಿಸಿತು. ಬಾಯಿಗೆ ಬಂದದ್ದು ಒಂದೇ ಮಾತು.

"ಮಳೆ?"

"ಬರುತ್ತೆ, ದೂರದ ನೆಂಟರ ಹಾಗೆ. ಮಣ್ಣು ಗಟಗಟ ಕುಡಿಯುತ್ತೆ, ಮರುದಿನ ಬಾಯಿ ಒರೆಸಿಕೊಂಡು ಕೂತಿರುತ್ತೆ. ಕೆಳಗೆ ಮರಳುಗಲ್ಲಿನ ಬಂಡೆ, ಅದರ ಮೇಲೆ ಚಾದರ ಹೊದಿಸಿದ ಹಾಗೆ ಇಷ್ಟೇ ಇಷ್ಟು ಮಣ್ಣು. ಬೇರು ಪಾಪ, ಇಳಿಯೋಕೆ ಹೋಗಿ ತಲೆ ಚಚ್ಚಿಕೊಂಡು ಅಡ್ಡ ಹರಿಯುತ್ತೆ. ಬಿರುಕು ಸಿಕ್ಕಿದ್ರೆ ತೂರಿಕೊಳ್ಳುತ್ತೆ."

ಅವನು ಇನ್ನೊಂದು ಊರಿನ ಗುಂಡಿಗೆ ಹೊರಟುಹೋದ. ಕಾಡು ಅವಳ ಬಳಿ ಉಳಿಯಿತು.

ಕೊಡತಿಯ ಸದ್ದಿನ ನಡುವೆ ಅವಳು ಅದರಲ್ಲಿ ಓಡಾಡತೊಡಗಿದಳು. ಕುಳ್ಳ ಮರಗಳು. ಒಬ್ಬರ ನೆರಳು ಇನ್ನೊಬ್ಬರಿಗೆ ತಾಕದಷ್ಟು ದೂರ ದೂರ ನಿಂತಿವೆ, ಅವಳ ಹಾಗೆಯೇ ನಾಚಿಕೆಯವು. ಮರದ ಬುಡದ್ದೆಂದು ಚೀಟಿ ಅಂಟಿಸಿದ ಮಣ್ಣು ಕೊಂಚ ಕಪ್ಪು, ಮೂಸಿದರೆ ಹಳೆಯ ಎಲೆಗಳ ವಾಸನೆ. ಬಯಲಿನದು ಬರೀ ಮರಳು, ಬಿಸಿಲಿನದೇ ವಾಸನೆ. ಮೂಗು ಒಡ್ಡಿದಲ್ಲೆಲ್ಲ ನೆರಳು, ಬಿಸಿಲು, ಮತ್ತೆ ನೆರಳು. ಊಟದ ಹೊತ್ತಿಗೆ ಚಿಕ್ಕಮ್ಮ ಬಂದು ಭುಜ ಅಲುಗಿಸಿದರೂ ಕಾಲಿಗೆ ಇನ್ನೂ ಒಣಹುಲ್ಲು ಚುಚ್ಚುತ್ತಿದ್ದಂತೆ ಅನಿಸುತ್ತಿತ್ತು.

ಅಡಿಯ ಮಣ್ಣಿನ ಚೀಲಗಳಲ್ಲಿ ಹಳದಿ ಬೆರೆತ ಕೆಂಪು ಗಡ್ಡೆಗಳಿದ್ದವು. ಕೊಡತಿಯ ಎರಡು ಪೆಟ್ಟಿಗೆ ಒಣ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿದ್ದವು. ಜರಡಿಯಲ್ಲಿ ಏನೂ ಉಳಿಯದಂತೆ ಅವಳು ಚೊಕ್ಕವಾಗಿ ಕುಟ್ಟಿದಳು. ಫಲಿತಾಂಶ ನೋಡಿದ ಮೇಡಂ ಹುಬ್ಬೇರಿಸಿದರು.

"ಕಲ್ಲೇ ಇಲ್ವಲ್ಲ! ಅಡಿಯವರೆಗೂ ಹದವಾದ ಮಣ್ಣು. ತೋಟಕ್ಕೆ ಆಗುತ್ತೆ ಅಂತ ಬರೆದುಬಿಡೋಣ. ನಾಳೆ ಬೆಳಿಗ್ಗೆ ಕಳಿಸ್ತೀನಿ."

ಅವಳು ಖಾಲಿ ತಟ್ಟೆ ಎತ್ತಿಕೊಂಡಳು. ಮರಗಳು? ಮಣ್ಣೇ ಹೂಂ ಅಂದಿದೆ, ತಾನು ಯಾರು ಉಹೂಂ ಅನ್ನಲು?

ಹಿಂದಿನ ಕೋಣೆಗೆ ಬಂದು, ಬೇಸರವಾದಾಗಲೆಲ್ಲ ಮಾಡುತ್ತಿದ್ದುದನ್ನೇ ಮಾಡಿದಳು. ಗಾಜಿನ ಲೋಟಕ್ಕೆ ನೀರು ತುಂಬಿ, ಅಡಿಯ ಚೀಲದಲ್ಲಿ ಉಳಿದಿದ್ದ ಗಡ್ಡೆಯೊಂದನ್ನು ಮೆಲ್ಲಗೆ ಬಿಟ್ಟಳು. ನೀರಿಗೆ ಬಿದ್ದ ಹೆಂಟೆ ಮೊದಲು ಗುಳ್ಳೆ ಬಿಡುತ್ತದೆ, ಆಮೇಲೆ ಅಂಚು ಸಡಿಲಿಸುತ್ತದೆ, ಕೊನೆಗೆ ನಿದ್ದೆ ಬಂದ ಮಗುವಿನ ಹಾಗೆ ಕುಸಿದು ಮಲಗುತ್ತದೆ. ಕೆನ್ನೆಗೆ ಕೈಕೊಟ್ಟು ಅದನ್ನು ನೋಡುತ್ತಾ ಕೂರುವುದೆಂದರೆ ಅವಳಿಗೆ ಜೀವ.

ಈ ಗಡ್ಡೆ ಗುಳ್ಳೆ ಬಿಟ್ಟಿತು. ಕಿಟಕಿಯ ಬಿಸಿಲಲ್ಲಿ ಗುಳ್ಳೆಗಳು ಮಣಿಸರದಂತೆ ಏರಿದವು. ಮತ್ತೇನೂ ಆಗಲಿಲ್ಲ. ಬಿಸಿಲು ಮೇಜಿನ ಆ ತುದಿಗೆ ಸರಿದರೂ ಲೋಟದ ತಳದಲ್ಲಿ ಗಡ್ಡೆ ಗಡ್ಡೆಯಾಗಿಯೇ ಇತ್ತು. ಬೆರಳಲ್ಲಿ ಒತ್ತಿದಳು. ಜಗ್ಗಲಿಲ್ಲ. ಮರದ ಬುಡದ ಹೆಂಟೆಯೊಂದನ್ನು ಪಕ್ಕಕ್ಕೆ ಬಿಟ್ಟಳು. ಅದು ನೋಡನೋಡುತ್ತಿದ್ದಂತೆ ಕರಗಿಹೋಯಿತು.

ಆಗ ಅವಳಿಗೆ ಹೊಳೆಯಿತು. ಇದು ಹೆಂಟೆಯಲ್ಲ. ಕಲ್ಲು. ಮೆತ್ತಗಾಗಿದ್ದರೂ ಕಲ್ಲು. ತಾನು ಇಷ್ಟು ದಿನ ಬಂಡೆಯನ್ನೇ ಕುಟ್ಟಿ ಮಣ್ಣು ಮಾಡಿ ಕಳಿಸಿದ್ದೇನೆ. ಹೂಂ ಅಂದದ್ದು ಮಣ್ಣಲ್ಲ, ತನ್ನ ಕೊಡತಿ.

ಲೋಟ ನೋಡಿ ವಿಷಯ ಕೇಳಿದ ಚಿಕ್ಕಮ್ಮ ಕೈಯಲ್ಲಿದ್ದ ಬಟ್ಟೆಯನ್ನೇ ಬಾಯಿಗಿಟ್ಟುಕೊಂಡಳು.

"ಅಯ್ಯೋ ನಿನ್ನ! ಚೆಲ್ಲು ಅದನ್ನ. ಯಾರು ನೋಡಿದ್ರು? ನಿನ್ನ ಕೆಲಸ ಹೋಗೋದಲ್ಲದೆ ಕರ್ಕೊಂಡು ಬಂದ ತಪ್ಪಿಗೆ ನನ್ನದೂ ಹೋಗುತ್ತೆ. ಹುಟ್ಟಿದಾಗಿನಿಂದ ಬಾಯಿ ಬಿಡದವಳು ಇವತ್ತೊಂದು ದಿನ ಮುಚ್ಚಿಕೊಂಡಿರೋಕೆ ಏನೇ ಕಷ್ಟ?"

"ಮರ ಕಡೀತಾರೆ, ಚಿಕ್ಕಮ್ಮ."

"ನೀನು ಕಂಡಿದ್ದೀಯಾ ಆ ಮರಾನ?"

ಕಂಡಿರಲಿಲ್ಲ. ಆದರೂ ಆ ಗಿಡ್ಡ ಮರಗಳೆಲ್ಲ ಬಾಗಿಲ ಬಳಿ ಬಂದು, ಒಳಗೆ ಬರಲು ಸಂಕೋಚಪಟ್ಟುಕೊಂಡು ನಿಂತ ಹಾಗಿತ್ತು.

ಮೇಡಂ ಬೀರುವಿಗೆ ಬೀಗ ಹಾಕುತ್ತಿದ್ದರು. ಅವಳು ಹೋಗಿ ಲೋಟವನ್ನು ಮೇಜಿನ ಮೇಲಿಟ್ಟಳು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಹಾರಿಹೋಗಿದ್ದವು.

"ಏನಿದು? ನಂಗೆ ನೀರು ಬೇಡಮ್ಮ," ಎಂದರು ಮೇಡಂ.

"ಕರಗಲಿಲ್ಲ."

"ಏನು ಕರಗಲಿಲ್ಲ?"

"ಅಡಿಯ ಚೀಲದ್ದು. ಇಂಥದ್ದನ್ನೇ... ಎಲ್ಲಾನೂ ಕುಟ್ಟಿಬಿಟ್ಟೆ. ಜರಡಿಯಲ್ಲಿ ಉಳೀಬೇಕಿತ್ತು. ನನ್ನದೇ ತಪ್ಪು. ಚಿಕ್ಕಮ್ಮಂದಲ್ಲ."

ಅಷ್ಟು ಮಾತನ್ನು ಒಟ್ಟಿಗೆ ಆಡಿ ಅವಳಿಗೆ ಏದುಸಿರು ಬಂದಿತ್ತು. ಮೇಡಂ ಗಡ್ಡೆಯನ್ನು ಹೊರತೆಗೆದು ಉಗುರಲ್ಲಿ ಕೆರೆದರು, ಬೆಳಕಿಗೆ ಹಿಡಿದರು. ಮುಖ ಬಿಗಿದುಕೊಂಡಿತು. ಗೋಡೆಯ ಆಚೆ ಚಿಕ್ಕಮ್ಮನ ನಲ್ಲಿಯ ಸದ್ದು ನಿಂತುಹೋಗಿತ್ತು.

"ಶಿಥಿಲವಾದ ಮರಳುಗಲ್ಲು," ಎಂದರು ಕೊನೆಗೆ. "ನಾಳೆ ಕಳಿಸಿಬಿಟ್ಟಿದ್ರೆ ನನ್ನ ಮಾನ ಹರಾಜಾಗ್ತಿತ್ತು. ಕುಟ್ಟೋ ಮೊದಲು ನೀರಲ್ಲಿ ಹಾಕಿ ನೋಡು ಅಂತ ಯಾರೂ ಹೇಳಿಕೊಡಲಿಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹೇಳಿಕೊಡಬೇಕಾದವಳು ನಾನೇ ಅಲ್ವಾ," ಎಂದು ಮೇಡಂ ತಮಗೇ ಹೇಳಿಕೊಂಡರು. ಮತ್ತೆ ಧ್ವನಿ ಏರಿಸಿ, "ಹಾಳು ಮಾಡಿದ ಚೀಲಾನೆಲ್ಲ ನೀನೇ ಹೋಗಿ ತುಂಬಿಕೊಂಡು ಬಾ. ಬಿಸಿಲಲ್ಲಿ ಒಣಗು, ಬುದ್ಧಿ ಬರುತ್ತೆ," ಎಂದರು.

ಶಿಕ್ಷೆಯ ಹೆಸರಿನಲ್ಲಿ ಕಾಡೇ ಹೀಗೆ ಅವಳ ಕೈಗೆ ಬಂದುಬಿಟ್ಟಿತು.

ಜೀಪು ನಿಂತಾಗ ಅವಳು ಕೂಡಲೇ ಇಳಿಯಲಿಲ್ಲ. ಮರಗಳು ಅವಳು ಅಂದುಕೊಂಡದ್ದಕ್ಕಿಂತಲೂ ಗಿಡ್ಡವಾಗಿದ್ದವು, ಎಲೆ ಉದುರಿಸಿಕೊಂಡು ನಿಂತಿದ್ದವು. ಒಂದೊಂದರ ಕೆಳಗೂ ಕಪ್ಪು ಮಣ್ಣಿನ ದುಂಡು ಚಾಪೆ. ನಡುನಡುವೆ ಬಂಡೆ ಮೊಣಕಾಲು ಚಾಚಿ ಕೂತಿತ್ತು.

"ಬಾ ಇರುವೆ, ನಿನ್ನ ಕೊಡತಿಗೆ ಹೆದರಿ ಬಂಡೆಗಳೆಲ್ಲ ನಡುಗ್ತಾ ಇವೆ," ಎಂದ ಗುಂಡಿಯಣ್ಣ.

ಅವನು ಹಾರೆ ಎತ್ತಿ ಹಾಕಿದ. ಮಣ್ಣು ಸುಲಭವಾಗಿ ಬಿಟ್ಟುಕೊಟ್ಟಿತು, ಇನ್ನೊಂದಿಷ್ಟು ಇಳಿಯಿತು, ಆಮೇಲೆ ಠಣ್ ಎಂದಿತು. ಅವಳು ಮಂಡಿಯೂರಿ ಗುಂಡಿಯೊಳಗೆ ಕೈ ಬಿಟ್ಟಳು. ಮೊಣಕೈ ಮುಳುಗುವ ಮೊದಲೇ ಅಂಗೈ ಬಂಡೆಗೆ ತಾಕಿತು. ಬಂಡೆಯ ಮೇಲೆ ಮರದ ಬೇರು ಅಡ್ಡಲಾಗಿ ಹರಿದಿತ್ತು. ಅದರ ಜಾಡು ಹಿಡಿದು ಬೆರಳು ಸರಿಸುತ್ತ ಹೋದಳು. ಬೇರು ಒಂದು ಸೀಳಿನ ಹತ್ತಿರ ತಿರುಗಿ ಒಳಕ್ಕೆ ಇಳಿದಿತ್ತು. ಅಲ್ಲಿ, ಆ ಸೀಳಿನ ಬಾಯಲ್ಲಿ, ಬೆರಳ ತುದಿಗೆ ತಣ್ಣನೆ ತೇವ.

ಹಳದಿ ಗಡ್ಡೆಗಳನ್ನು ಒಂದನ್ನೂ ಒಡೆಯದೆ ಎತ್ತಿ ಚೀಲಕ್ಕೆ ಹಾಕಿದಳು.

ಈ ಸಲ ಜರಡಿಯಲ್ಲಿ ಕಲ್ಲು ರಾಶಿಯಾಗಿ ಉಳಿಯಿತು. ತೋಟಕ್ಕೆ ಆಗುವುದಿಲ್ಲ, ಇದ್ದ ಮರ ಇದ್ದಲ್ಲೇ ಇರಲಿ ಎಂದು ಮೇಡಂ ಬರೆದು ಕಳಿಸಿದರು. ಚಿಕ್ಕಮ್ಮ ಮಾತ್ರ ಬಹಳ ದಿನ ಮುಖ ಊದಿಸಿಕೊಂಡಿದ್ದಳು. ಆದರೆ ಲೋಟ ತೊಳೆಯಲು ಬಂದಾಗಲೆಲ್ಲ ಕಿಟಕಿಯ ಬಳಿ ಕೊಂಚ ನಿಲ್ಲುತ್ತಿದ್ದಳು.

"ಇದು ಕರಗುತ್ತೇನೇ?"

"ನೋಡೋಣ ಕೂತ್ಕೋ," ಎನ್ನುತ್ತಿದ್ದಳು ಹುಡುಗಿ, ಸ್ಟೂಲು ಸರಿಸಿಕೊಡುತ್ತ.