ಮೊದಲ ಕಂತಿನ ಸೀನು

ಆ ಸಂಜೆ ಯಾರನ್ನೂ ಮನೆಗೆ ಬರಬೇಡಿ ಎನ್ನುವ ಹಾಗಿರಲಿಲ್ಲ. ರೆಸಿಫೆ ಪಟ್ಟಣದ ಗುಡ್ಡದ ಮೇಲಿನ ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟೀವಿ, ಅದು ನಮ್ಮದು. ಹೊಸ ಧಾರಾವಾಹಿಯ ಮೊದಲ ಕಂತು ಅವತ್ತೇ. ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ. ಅಂಥ ದಿನ ಬಾಗಿಲು ಹಾಕಿಕೊಂಡರೆ ಒಳಗೇನೋ ಇದೆ ಎಂದು ಡಂಗುರ ಸಾರಿದಂತೆ.

ಒಳಗಿದ್ದವನು ನನ್ನ ಅಣ್ಣ ದಾನಿಲೊ. ಮಿಲಿಟರಿ ಸರ್ಕಾರದ ವಿರುದ್ಧ ಕರಪತ್ರ ಹಂಚಿದ ಕಾಲೇಜು ಹುಡುಗರನ್ನು ಪೊಲೀಸರು ಹುಡುಕಿ ಹುಡುಕಿ ಹಿಡಿಯುತ್ತಿದ್ದರು. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ತಿರುಗಿ ಬಂದಿರಲಿಲ್ಲ. ಅಣ್ಣ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಹಿತ್ತಿಲ ಬಾಗಿಲಿಗೆ ಬಂದಿದ್ದ. ನಡುಮನೆಗೆ ಅಂಟಿಕೊಂಡ ಸಾಮಾನಿನ ಕೋಣೆಯಲ್ಲಿ ಅವನನ್ನು ಬಚ್ಚಿಟ್ಟಿದ್ದೆವು. ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ.

ಬೇರೆಯವರ ಮನೆಗೆ ಟೀವಿ ನೋಡಲು ಬರುವ ಅಕ್ಕಪಕ್ಕದವರಿಗೆ ನಮ್ಮಲ್ಲಿ ಒಂದು ಹೆಸರೇ ಇದೆ, ಟೀವಿ ನೆಂಟರು. ಕರೆಯಬೇಕಿಲ್ಲ, ಕಳಿಸುವುದಂತೂ ಆಗದ ಮಾತು. ಏಳು ಗಂಟೆಗೆ ಮುಂಚೆಯೇ ಎಲ್ಲರೂ ಅವರವರ ಸ್ಟೂಲು ಹೊತ್ತು ಬಂದರು. ಮುದುಕಿ ಕಿಟೇರಿಯಾ ಹುರಿದ ಕಡಲೆಕಾಯಿ ತಂದಿದ್ದಳು. ಕೊನೆಗೆ ಪೊಲೀಸ್ ಸಾರ್ಜೆಂಟ್ ಬೆಲ್ಮಿರೊ ಹೆಂಡತಿಯ ಜೊತೆ ಬಂದು, ಗೋಡೆಗೆ ಒರಗುವ ಜಾಗವೇ ಹಿತವೆಂದು ಆ ಹಲಗೆಗೇ ಬೆನ್ನು ಕೊಟ್ಟು ಕೂತ.

"ಯಾಕೆ ಯುಲಿನಮ್ಮ, ಕಾಫಿ ಲೋಟ ಹಂಗೆ ನಡುಗ್ತಾ ಇದೆ?" ಎಂದು ಕಿಟೇರಿಯಾ ನಮ್ಮಮ್ಮನನ್ನು ಕೆಣಕಿದಳು. "ಟೀವಿಯೊಳಗಿನ ಗಂಡು ನಿನ್ನೇ ನೋಡೋಕೆ ಬರ್ತಾನಾ?"

"ಬಂದ್ರೆ ಬರ್ಲಿ, ನಿನಗೇನು ಹೊಟ್ಟೆಕಿಚ್ಚು?" ಅಂದಳು ಅಮ್ಮ. ದನಿ ಮಾತ್ರ ಅವಳದ್ದಾಗಿರಲಿಲ್ಲ.

ಕಂತು ಶುರುವಾಯಿತು. ಕಥೆ ಏನೆಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಒಬ್ಬಳು ಅಳುತ್ತಿದ್ದಳು, ಒಬ್ಬ ಕುದುರೆ ಏರಿ ಹೋದ. ನನ್ನ ಕಣ್ಣೆಲ್ಲ ಸಾರ್ಜೆಂಟನ ತಲೆಯ ಹಿಂದಿನ ಹಲಗೆಯ ಮೇಲೆ. ಕುದುರೆ ಓಡುವಾಗ, ಸಂಗೀತ ಮೊಳಗುವಾಗ ಸ್ವಲ್ಪ ಉಸಿರಾಡುತ್ತಿದ್ದೆ. ಆಮೇಲೆ ಚರ್ಚಿನಲ್ಲಿ ಪಾದ್ರಿ ಮದುವೆ ಮಾಡಿಸುವ ದೃಶ್ಯ ಬಂತು. ಮದುಮಗಳು ಹೂಂ ಅನ್ನುವಳೋ ಇಲ್ಲವೋ ಎಂದು ಟೀವಿಯೂ ಸುಮ್ಮನಾಯಿತು, ನಡುಮನೆಯೂ ಸುಮ್ಮನಾಯಿತು.

ಆಗ ಗೋಡೆಯ ಆಚೆಯಿಂದ ಬಂತು ಸೀನು.

ಅದು ಸಾಲದು ಎಂಬಂತೆ, ಅಮ್ಮ ಟೀವಿಯಿಂದ ಕಣ್ಣು ಕೀಳದೆಯೇ ಅಂದುಬಿಟ್ಟಳು, "ದೇವರು ನಿನ್ನ ಬೆಳೆಸ್ಲಿ!"

ನಮ್ಮ ಕಡೆ ಮಕ್ಕಳು ಸೀನಿದರೆ ತಾಯಂದಿರು ಹೀಗೆ ಅನ್ನಲೇಬೇಕು, ಮಕ್ಕಳು ಆಮೆನ್ ಅನ್ನಲೇಬೇಕು. ಎಷ್ಟೇ ದೊಡ್ಡವರಾಗಲಿ, ಹಾಲಿನ ಜೊತೆ ಬಂದ ಅಭ್ಯಾಸ. ಗೋಡೆಯ ಆಚೆಯಿಂದ, ಮೂಗು ಕಟ್ಟಿದ ದನಿಯಲ್ಲಿ, ನನ್ನ ಬುದ್ಧಿವಂತ ಅಣ್ಣ ಉತ್ತರ ಕೊಟ್ಟೇಬಿಟ್ಟ.

"ಆಮೆನ್."

ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸಾರ್ಜೆಂಟ್ ತಲೆಯನ್ನು ಹಲಗೆಯಿಂದ ಮೆಲ್ಲಗೆ ಈಚೆಗೆ ತೆಗೆದ.

ಕಿಟೇರಿಯಾ ತೊಡೆ ತಟ್ಟಿಕೊಂಡು ನಕ್ಕಳು. "ಅಯ್ಯೋ ನೋಡ್ರೇ! ಟೀವಿಯೊಳಗಿನ ಪಾದ್ರಿ ಸೀನಿದ್ರೆ ಇವಳು ಹರಸ್ತಾಳೆ! ಅವನೂ ಆಮೆನ್ ಅಂದ!"

ಇಡೀ ಮನೆ ಗೊಳ್ಳೆಂದಿತು. ದಿನಾ ವಾರ್ತೆ ಓದುವವನಿಗೆ ತಿರುಗಿ ನಮಸ್ಕಾರ ಹೇಳುವ ಮಂದಿ ನಮ್ಮವರು, ನಂಬದೆ ಏನು? ಸಾರ್ಜೆಂಟನೂ ನಕ್ಕ. ಆದರೆ ಮತ್ತೆ ಗೋಡೆಗೆ ಒರಗಲಿಲ್ಲ.

ಕಂತು ಮುಗಿದಾಗ ಎಲ್ಲರೂ ಮದುಮಗಳನ್ನು ಬೈಯುತ್ತಾ ಹೊರಟರು. ಹೆಂಡತಿಯನ್ನು ಮುಂದೆ ಕಳಿಸಿ ಸಾರ್ಜೆಂಟ್ ಹೊಸಿಲಲ್ಲಿ ನಿಂತ.

"ಕಾಫಿ ಚೆನ್ನಾಗಿತ್ತು, ಯುಲಿನಮ್ಮ. ಆದ್ರೆ ಆ ಪಾದ್ರಿ ಸೀನಲಿಲ್ಲ. ನಾನು ಅವನ ಮುಖಾನೇ ನೋಡ್ತಿದ್ದೆ."

ಅಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು.

"ಈಗ ಮನೇಗೆ ಹೋಗ್ತೀನಿ, ಊಟ ಮಾಡ್ತೀನಿ, ಆಮೇಲೆ ಡ್ಯೂಟಿ. ಡ್ಯೂಟೀಲಿ ಕೇಳಿಸ್ಕೊಂಡಿದ್ದನ್ನೆಲ್ಲ ಹೇಳ್ಬೇಕಾಗತ್ತೆ. ಅಲ್ಲೀತನಕ ನಾನೂ ಒಬ್ಬ ಟೀವಿ ನೆಂಟ." ಟೋಪಿ ಹಾಕಿಕೊಂಡು ಇಳಿದುಹೋದ.

ಕರುಣೆಯೋ ಬಲೆಯೋ? ಹಿಂದಿನ ಓಣಿಯಲ್ಲಿ ಆಗಲೇ ಯಾರನ್ನಾದರೂ ನಿಲ್ಲಿಸಿದ್ದಾನೋ? ಕೇಳುವುದು ಯಾರನ್ನು? ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಅಣ್ಣನ ಕೈಗಿಟ್ಟು, ಅಮ್ಮ ದೀಪ ಆರಿಸಿ ಹಿತ್ತಿಲ ಬಾಗಿಲು ತೆಗೆದಳು. ಮುಂದಿನ ಬೀದಿಯಲ್ಲಿ ಟೀವಿ ನೆಂಟರ ಹರಟೆ ಇನ್ನೂ ಕೇಳಿಸುತ್ತಿತ್ತು.

ಅಣ್ಣ ಬಗ್ಗಿ ಪಿಸುಗುಟ್ಟಿದ. "ಹರಸಮ್ಮ."

ಮನೆ ಬಿಟ್ಟು ಹೊರಡುವ ಮಗ ಕೇಳಬೇಕಾದದ್ದು ಅದೇ, ತಾಯಿ ಬಾಯಿ ಬಿಟ್ಟು ಹೇಳಬೇಕು. ಆದರೆ ಅಮ್ಮ ಸಂಜೆಯಿಂದ ಹೆದರಿ ಕಲ್ಲಾಗಿದ್ದಳು. ಹೇಳಿದರೆ ಅವನು ಆಮೆನ್ ಅಂದಾನೆಂದು ಅವನ ಬಾಯಿಯ ಮೇಲೆ ಅಂಗೈ ಒತ್ತಿದಳು. ಅಮ್ಮನ ತುಟಿ ಅಲ್ಲಾಡಿದ್ದು ಪಕ್ಕದಲ್ಲಿದ್ದ ನನಗೆ ಕಂಡಿತು. ಕತ್ತಲಲ್ಲಿ ತಲೆ ಬಗ್ಗಿಸಿದ್ದ ಅವನಿಗೆ ಕಾಣಲಿಲ್ಲ. ಅಂಗೈ ತೆಗೆದ ಮೇಲೂ ಅವನು ಆ ಮಾತಿಗಾಗಿ ಒಂದು ಗಳಿಗೆ ನಿಂತ. ಆಮೇಲೆ ಹಿತ್ತಿಲ ಗೋಡೆ ಹಾರಿ ಹೋದ.