ಕಾಸಿದ ಮ್ಯಾಗ್ನೆಟ್

ಧಾರಾವಿಯ ಗುಜರಿ ವ್ಯಾಪಾರಿ ಈರಣ್ಣ ಮಾಲು ಪರೀಕ್ಷಿಸುವ ಮ್ಯಾಗ್ನೆಟ್ಟಿನ ಸೆಳೆತಕ್ಕೆ ಲೋಕಲ್ ರೈಲೂ ಒಮ್ಮೆ ವಾಲಿತ್ತಂತೆ. ಆದರೆ ಮಗಳು ವೈಶಾಲಿಯನ್ನು ನೋಡಲು ಪವಾಯಿಯಿಂದ ಬಂದ ಸಂಶೋಧಕ ಮಹಾಂತೇಶನ ಮಾತು ಅವನಿಗೆ ಅನುಮಾನ ಹುಟ್ಟಿಸಿತು.

“ಭೂಮಿ ಹೊಟ್ಟ್ಯಾಗ ಕರಗಿದ ಕಬ್ಬಿಣ ಐತಿ, ಅದಕ್ಕ ಭೂಮಿ ಮ್ಯಾಗ್ನೆಟ್ ಅಂತೀಯಲ್ಲ ತಮ್ಮಾ. ಬೆಂಕ್ಯಾಗ ಕಾಸಿದ ಮ್ಯಾಗ್ನೆಟ್ ಒಂದು ಮೊಳೀನೂ ಎತ್ತೂದಿಲ್ಲ. ಸುಳ್ಳ ಹೇಳಾವಗ ಮಗಳನ್ನ ಕೊಡೂದಿಲ್ಲಪಾ.”

ಮಹಾಂತೇಶ ಗುಜರಿಯಿಂದ ಸೈಕಲ್ ಡೈನಮೊ ಎತ್ತಿ ತಿರುಗಿಸಿದ. “ಕಬ್ಬಿಣ ಹಿಂಗ ತಿರುಗ್ತೈತ್ರಿ. ಅದರಿಂದ ಹುಟ್ಟೂ ಸೆಳೆತಾನ ಸೂರ್ಯನ ಕಣಗಳಿಂದ ನಮ್ಮ ಗಾಳಿಗೆ ಕಾವಲು. ಮಂಗಳ ಗ್ರಹದಾಗ ತಿರುಗೂದು ನಿಂತು, ಗಾಳಿ ಹಾರಿಹೋತು.”

“ಡೈನಮೊದಾಗ ಮೊದಲ ಮ್ಯಾಗ್ನೆಟ್ ಐತಿ. ಭೂಮ್ಯಾಗ ಯಾರ ಇಟ್ರು?”

“ಸಿಕ್ಕಬಿದ್ದೆ ಬಿಡ್ರಿ, ಹೋಲಿಕಿ ತಪ್ಪಾತು. ಭೂಮ್ಯಾಗ ಮೊದಲ ಚೂರೇ ಚೂರು ಸೆಳೆತ ಇತ್ತು. ಕಬ್ಬಿಣ ಕುದ್ದು ತಿರುಗಿದ್ರ ಅದರಿಂದ ಕರೆಂಟು, ಕರೆಂಟಿನಿಂದ ಮತ್ತ ಸೆಳೆತ.”

“ಹಾಲಿಗೆ ಹೆಪ್ಪು ಹಾಕಿದಂಗ,” ಎಂದಳು ಒಳಗಿನಿಂದ ಈರಣ್ಣನ ಹೆಂಡತಿ ಚಂದ್ರವ್ವ.

ಈರಣ್ಣ ಹುಡುಗನನ್ನು ಓರೆಗಣ್ಣಿನಿಂದ ನೋಡಿದ. ಸಿಕ್ಕಿಬಿದ್ದು ಒಪ್ಪಿಕೊಂಡವನನ್ನು ಅವನು ಗುಜರಿ ಪೇಟೆಯಲ್ಲಿ ಕಂಡಿರಲಿಲ್ಲ.

“ಸಕ್ರಿ ತಾರೇ,” ಎಂದ ಹೆಂಡತಿಗೆ.

ಸಂಬಂಧ ಒಪ್ಪಿದ ಸಕ್ಕರೆ ಬಂತು. ಹುಡುಗನ ಕೈಗೆ ಹಾಕುವ ಮುನ್ನ ಈರಣ್ಣ ಅದರ ಮೇಲೂ ಒಮ್ಮೆ ಮ್ಯಾಗ್ನೆಟ್ ಆಡಿಸಿ ನೋಡಿದ.