ಬೇಲಿ ಮರೆಸಿದ ತೋಟ

ನಾರ್ವೆಯ ಪಡುವಣ ಕರಾವಳಿಯ ಒಂದು ಊರಿನಲ್ಲಿ, ಮರೆವಿನ ಕಾಯಿಲೆಯವರ ಆರೈಕೆ ಮನೆಗೆ ತೋಟ ಮಾಡಿಕೊಟ್ಟವಳು ತೂರುನ್ ಎಂಬ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಛಾವಣಿಯ ಮಳೆನೀರು ಚರಂಡಿ ಸೇರದೆ ತೋಟದ ತಗ್ಗಿನಲ್ಲೇ ಇಂಗುತ್ತಿತ್ತು; ಅಲ್ಲಿನ ಕಾಡುಹೂಗಳಿಗೆ ದುಂಬಿಗಳು ಮುತ್ತುತ್ತಿದ್ದವು. ಆದರೆ ಜನ ಹೊಗಳಿದ್ದು ಕಾಲುದಾರಿಯನ್ನು. ಹೊರಟವರು ಎಲ್ಲೂ ತಡೆಯಿಲ್ಲದೆ ಸುತ್ತಿ ಮತ್ತೆ ಬಾಗಿಲಿಗೇ ಬಂದು ಸೇರುತ್ತಿದ್ದರು. ಸುತ್ತಲಿನ ಸರಳಿನ ಬೇಲಿ ದಟ್ಟ ಪೊದೆಗಳ ಹಿಂದೆ ಅಡಗಿತ್ತು. ತಮ್ಮನ್ನು ಕೂಡಿಹಾಕಿದ್ದಾರೆಂದು ಯಾರಿಗೂ ಅನ್ನಿಸಬಾರದೆಂಬುದು ಅವಳ ಆಸೆ.

ಕೆಲವು ವರ್ಷಗಳ ಮೇಲೆ ಅವಳ ಅಪ್ಪ ಹಾಲ್ವರ್ ಅಲ್ಲಿಗೇ ಸೇರಬೇಕಾಯಿತು. ಮೊದಲ ವಾರ ಅಪ್ಪ, ಮಗಳು ತೋಟ ಸುತ್ತಿದರು.

"ಈ ದಾರಿ ಎಲ್ಲಿಗೆ ಹೋಗುತ್ತೆ?"

"ಸುಮ್ನೆ ಅಡ್ಡಾಡೋಕೆ, ಅಪ್ಪ."

ಎರಡನೆಯ ಸುತ್ತಿನಲ್ಲಿ ಅವನು ಬರ್ಚ್ ಮರದ ಬಳಿ ನಿಂತುಬಿಟ್ಟ. "ಇದೇ ಮರ ಆಗ್ಲೂ ಸಿಕ್ತು. ನನಗೆ ತಲೆ ಕೆಟ್ಟಿದೆ ಅಂತ ಆಟ ಆಡಿಸ್ತಿದಾರೆ ಕಣೆ. ಯಾವ ಬಡ್ಡಿಮಗ ಮಾಡಿದ್ದು ಇದನ್ನ?"

ತಾನೇ ಎಂದು ಹೇಳದೆ ತೂರುನ್ ಅವನನ್ನು ಒಳಗೆ ಕರೆದೊಯ್ದಳು. ಆಮೇಲೆ ಅವನು ತೋಟಕ್ಕೆ ಇಳಿಯುವುದನ್ನೇ ಬಿಟ್ಟ. ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಕೂತಿರುತ್ತಿದ್ದ.

ರಸ್ತೆ ಬದಿಯ ಪೊದೆ ಕಡಿಸಿ ಬೇಲಿ ಕಾಣುವಂತೆ ಮಾಡೋಣವೆಂದು ಅವಳು ಮೇಲ್ವಿಚಾರಕಿ ಮಾರಿಟ್‌ಳನ್ನು ಕೇಳಿದಳು.

"ಬೇಲಿ ಕಂಡ್ರೆ ಹಿಡ್ಕೊಂಡು ಅಳ್ತಾರೆ ಅಂತ ನೀವೇ ಅಲ್ವಾ ಹೇಳಿದ್ದು?"

"ಹೇಳಿದ್ದೆ. ಆಗ ಈ ದಾರೀಲಿ ಯಾರ ಕೈ ಹಿಡಿದೂ ನಾನು ನಡೆದಿರ್ಲಿಲ್ಲ."

ಮಾರಿಟ್ ಅರೆಮನಸ್ಸಿನಿಂದ ಒಪ್ಪಿದಳು. ಪೊದೆ ಕಡಿದ ದಿನವೇ ಓಸ್ಲೇಗ್ ಎಂಬ ಮುದುಕಿ ಸರಳು ಹಿಡಿದು ಸಂಜೆಯವರೆಗೂ ಅತ್ತಳು. ತನ್ನದೇ ಹಳೆಯ ಮಾತು ತೂರುನ್‌ಗೆ ಚುಚ್ಚಿತು. ಪೊದೆ ಮತ್ತೆ ನೆಟ್ಟರೆ ಅಪ್ಪನಿಗೆ ಮೋಸ, ಬಿಟ್ಟರೆ ಓಸ್ಲೇಗ್‌ಗೆ ಸಂಕಟ.

ಮರುದಿನ ಅಪ್ಪನನ್ನು ಕರೆತಂದಳು. ಅವನು ಸರಳನ್ನು ಮುಟ್ಟಿ ನೋಡಿದ.

"ಬೇಲಿ."

"ಹೂಂ, ಅಪ್ಪ."

"ಬೀಗ ಇದೆಯಾ?"

"ಇದೆ."

"ಕೀಲಿ?"

ತೋಟ ಮಾಡಿದಾಗಿನ ಕೀಲಿಯೊಂದು ಅವಳ ಬಳಿ ಉಳಿದಿತ್ತು; ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನ್ನ ಹತ್ರ ಇದೆ."

"ಅಂದ್ರೆ ನೀನು ಮನೆಗೆ ಹೋಗ್ತೀಯ, ನಾನು ಹೋಗೋ ಹಾಗಿಲ್ಲ."

"ಹೌದು."

ಅವನು ಸರಳುಗಳಾಚೆಯ ರಸ್ತೆ ನೋಡಿದ. "ಹಾಗಾದ್ರೆ ತಲೆ ಕೆಟ್ಟಿಲ್ಲ ನನಗೆ," ಎಂದ.

ಪೊದೆಗಳ ನಡುವಿನ ಆ ಕಂಡಿ ಹಾಗೇ ಉಳಿಯಿತು. ಓಸ್ಲೇಗ್‌ಳನ್ನು ತೋಟದ ಇನ್ನೊಂದು ಬದಿಯಲ್ಲಷ್ಟೇ ತಿರುಗಾಡಿಸತೊಡಗಿದರು. ಹಾಲ್ವರ್ ದಿನವೂ ಹೋಗಿ ಬೇಲಿಯ ಬಳಿ ನಿಲ್ಲುತ್ತಿದ್ದ. ಮನೆಗೆ ಹೋಗುವಾಗ ತೂರುನ್‌ಳ ಕಾರು ಅದೇ ರಸ್ತೆಯಲ್ಲಿ ಹಾಯುತ್ತಿತ್ತು. ಬೇರೆ ದಾರಿಯೂ ಇತ್ತು, ಅವಳು ಹಿಡಿಯಲಿಲ್ಲ. ಅವನು ಕೈ ಎತ್ತುತ್ತಿರಲಿಲ್ಲ, ಕಾರು ತಿರುವು ದಾಟುವವರೆಗೂ ಸುಮ್ಮನೆ ನೋಡುತ್ತಿದ್ದ.